ಒಂದು ಮೊರ ತೌಡು

‘ಲೇ ತೌಡ, ನಿನ್ನ ನೋಡಿ ನಮ್ಮೆಮ್ಮೆ ಜೊಲ್ಲು ಸುರಿಸ್ತೈತೆ ಕಣ್ಲಾ!’

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಕೋದಂಡ ಹೀಗೆ ಕೂಗಿದ್ದೇ ತಡ, ಗಣಿಯಿಂದ ಬಂದು ಟೀ ಕುಡಿಯುತ್ತಿದ್ದವರೆಲ್ಲ ಘೊಳ್ಳೆಂದರು. ತೌಡಪ್ಪ ಅವನ ಕೊರಳಪಟ್ಟಿ ಹಿಡಿದು ಕೈಯೆತ್ತಿದ. ಮೊದಲ ಎರಡು ಕೂಸು ಕಳೆದುಕೊಂಡಿದ್ದ ತಾಯಿ, ಇದಾದರೂ ಉಳಿಯಲೆಂದು ಅವನನ್ನು ಪಕ್ಕದ ಮನೆಯ ಅಮ್ಮಾಜಮ್ಮನಿಗೆ ಒಂದು ಮೊರ ತೌಡಿಗೆ ಮಾರುವ ಶಾಸ್ತ್ರ ಮಾಡಿ ಈ ಹೆಸರಿಟ್ಟಿದ್ದಳು. ದನದ ಮೇವಿನ ಬೆಲೆಗೆ ಹೋದವನು ತಾನು ಎಂಬ ಉರಿ ಅವನಿಗೆ.

ಎತ್ತಿದ ಕೈ ಹಿಡಿದವಳು ಅಮ್ಮಾಜಮ್ಮನೇ. ಹಸುವಿಗೆಂದು ಕೊಂಡ ತೌಡಿನ ಮೂಟೆ ಕೆಳಗಿಟ್ಟು ನಕ್ಕಳು. ‘ಬುಡ್ಲಾ ಮಗಾ. ಅವತ್ತಿಂದು ದನದ ತೌಡಲ್ಲ. ಯುದ್ಧದ ಕಾಲ, ಅಕ್ಕಿ ಕಣ್ಣಿಗೇ ಬೀಳ್ತಿರ್ಲಿಲ್ಲ. ರಾತ್ರಿಗೆ ರೊಟ್ಟಿ ತಟ್ಟಾನಾಂತ ಮಡಗಿದ್ದೆ. ನಿಮ್ಮಮ್ಮ ನಿನ್ನ ಎತ್ಕೊಂಡು ಬಾಗ್ಲಾಗೆ ನಿಂತ್ಲು. ಪೂರಾ ಅವ್ಳ ಮೊರಕ್ಕೆ ಸುರುವಿಬುಟ್ಟೆ.’

‘ಮತ್ತೆ ನೀನೇನ್ ತಿಂದೆ, ಅಜ್ಜಿ?’

‘ನೀನು ಮಡ್ಲಾಗಿದ್ದೆ. ಅಸಿವು ಯಾರಿಗ್ಲಾ ಗ್ಯಾಪ್ಕ?’

ತೌಡಪ್ಪ ಕೊರಳಪಟ್ಟಿ ಬಿಟ್ಟು ಮೂಟೆಯನ್ನು ತಲೆಗೇರಿಸಿಕೊಂಡ. ಹರುಕಿನಿಂದ ತೌಡು ಅವನ ಮಡಿ ಅಂಗಿಯ ಮೇಲೆಲ್ಲ ಉದುರಿತು. ಅವನು ಕೊಡವಿಕೊಳ್ಳಲಿಲ್ಲ. ‘ಲೇ ತೌಡಾ!’ ಎಂದು ಕೋದಂಡ ಮತ್ತೆ ಕೂಗಿದ. ತೌಡಪ್ಪ ಮೂಟೆ ಸರಿಮಾಡಿಕೊಂಡು ಅಜ್ಜಿಯ ಹಿಂದೆ ನಡೆದ.