ಮಂಗಳವಾರದ ತೂಕ

ತೂಕದ ಯಂತ್ರದ ಮುಳ್ಳು ಇನ್ನೂರಮೂರರಲ್ಲಿ ನಿಂತಿತು. ಸಂಘದ ಅಧ್ಯಕ್ಷೆ ಲವಾನ್ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಬಗ್ಗಿ ನೋಡಿದಳು. ಇನ್ನೂರಮೂರೇ.

“ಮತ್ತೆ ಎರಡು ಪೌಂಡ್ ಇಳಿದಿದೀಯಲ್ಲೇ ಆರ್ಡಿಸ್!” ಎಂದಳು, ಸಾವಿನ ಸುದ್ದಿ ಹೇಳುವ ದನಿಯಲ್ಲಿ.

ಮಿನೆಸೋಟದ ಆ ಪುಟ್ಟ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ತೂಕ ಇಳಿಸುವ ಸಂಘ ಪ್ರತಿ ಮಂಗಳವಾರ ಸೇರುತ್ತದೆ. ಮೊದಲು ತೂಕ, ಆಮೇಲೆ ಕಾಫಿ, ಕಾಫಿಯ ಜೊತೆಗೆ ಸರದಿಯಂತೆ ಒಬ್ಬೊಬ್ಬರು ಮಾಡಿ ತಂದ ಕೇಕು. ತೂಕ ನೋಡಿಕೊಂಡ ಮೇಲೆ ತಿಂದದ್ದು ಮುಂದಿನ ವಾರಕ್ಕೆ ಸೇರಿದ್ದು ಎಂಬುದು ಸಂಘದ ಹಳೆಯ ಕಟ್ಟಳೆ. ಒಂಬತ್ತು ವರ್ಷಗಳಲ್ಲಿ ಯಾರೂ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಸಂಘದಲ್ಲಿ ಜಗಳವೂ ಇರಲಿಲ್ಲ.

ಈಗ ಆರ್ಡಿಸ್ ಎಂಟು ವಾರಗಳಲ್ಲಿ ಹದಿನೆಂಟು ಪೌಂಡ್ ಇಳಿದು ಕೂತಿದ್ದಳು. ಇನ್ನು ಮೂರು ಇಳಿದರೆ ಮಂಡಿಯ ಆಪರೇಷನ್ ಮಾಡುತ್ತೇನೆಂದು ಡಾಕ್ಟರು ಮಾತು ಕೊಟ್ಟಿದ್ದರು. ಮಂಡಿನೋವಿಗೆ ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದಿಳಿದು ಅವಳಿಗೆ ಸಾಕಾಗಿ ಹೋಗಿತ್ತು.

“ಮುಖವೆಲ್ಲ ಜೋತುಬಿದ್ದಿದೆ ಕಣೆ,” ಎನ್ನುತ್ತ, ಆ ವಾರ ಕೇಕಿನ ಸರದಿಯಿದ್ದ ವರ್ನಾ ತಟ್ಟೆ ಮುಂದಕ್ಕೆ ತಳ್ಳಿದಳು. “ಒಂದ್ ಚೂರು ತಿನ್ನು. ನಿಂಬೆಹಣ್ಣಿಂದು. ಹಣ್ಣು ತಿನ್ನಿ ಅಂತ ಡಾಕ್ಟ್ರೇ ಹೇಳ್ತಾರಲ್ವಾ?”

“ಬೇಡ ವರ್ನಾ.”

“ಅರ್ಧ?”

“ಬೇಡ.”

“ಅರ್ಧದಲ್ಲಿ ಅರ್ಧ? ನಿನಗೋಸ್ಕರ ಬೆಳಗ್ಗೆ ಐದಕ್ಕೇ ಎದ್ದು ಮಾಡಿದೀನಿ. ಹೋಗ್ಲಿ ಬಿಡು, ನನಗೇನೂ ಬೇಜಾರಿಲ್ಲ.” ಬೇಜಾರಿಲ್ಲ ಎಂದದ್ದು ಪಕ್ಕದ ಬೀದಿಗೂ ಕೇಳಿಸುವಂತಿತ್ತು.

“ನನ್ನ ನಾದಿನೀನೂ ಹೀಗೇ ಇಳಿದಳು,” ಲವಾನ್ ದನಿಗೂಡಿಸಿದಳು. “ಕೊನೆಗೆ ಅವಳ ನಾಯೀನೇ ಅವಳನ್ನ ನೋಡಿ ಬೊಗಳ್ತು.”

ಆರ್ಡಿಸ್‌ಗೆ ರೇಗಿತು. ಹೋದ ವಾರ ಇದೇ ಇಬ್ಬರು ಚೀಸ್ ಸುರಿದ ಆಲೂಗಡ್ಡೆಯ ದೊಡ್ಡ ಪಾತ್ರೆಯನ್ನು ಅವಳ ಬಾಗಿಲಲ್ಲಿಟ್ಟು, ಗಂಟೆ ಒತ್ತಿ ಓಡಿಹೋಗಿದ್ದರು. ಎಪ್ಪತ್ತು ದಾಟಿದವರು ಎಷ್ಟು ಓಡಬಲ್ಲರೋ ಅಷ್ಟು.

“ನಿಜ ಹೇಳ್ರೇ. ನನ್ನ ಮಂಡಿ ನೆಟ್ಟಗಾದ್ರೆ ನಿಮಗೇನು ನಷ್ಟ?”

ಇಬ್ಬರೂ ಮುಖ ಮುಖ ನೋಡಿಕೊಂಡರು. ವರ್ನಾ ಎದ್ದು ಹೋಗಿ ಬಾಗಿಲು ಹಾಕಿ ಬಂದಳು.

“ನಿನ್ನ ಮಂಡಿ ನೂರು ವರ್ಷ ಚೆನ್ನಾಗಿರ್ಲಿ ಕಣೆ,” ಲವಾನ್ ಪಿಸುಗುಟ್ಟಿದಳು. “ಆದ್ರೆ ತೂಕ ಯಾಕೆ ಇಳೀತಿಲ್ಲ ಅಂದ್ರೆ ಒಂಬತ್ತು ವರ್ಷದಿಂದ ನಾವೆಲ್ಲ ಮನೇಲಿ ಏನಂತ ಹೇಳ್ಕೊಂಡು ಬಂದಿದೀವಿ? ಚರ್ಚಿನ ತೂಕದ ಯಂತ್ರ ಕೆಟ್ಟಿದೆ ಅಂತ!”