ಫ್ಲಾಪಿಯಲ್ಲಿ ಉಳಿದದ್ದು

ಫ್ಲಾಪಿಯಲ್ಲಿದ್ದ ಆಟದ ಐಕಾನಿನ ಮೇಲೆ ಸಾಜೀದ ಎಡಗೈಯಿಂದ ಮತ್ತೆ ಕ್ಲಿಕ್ ಮಾಡಿದ. ಆಟ ತೆರೆಯಲಿಲ್ಲ.

"ಇದನ್ನಷ್ಟ ಕಾಪಿ ಮಾಡೀಯೇನಲೇ? ಇದು ಬರೇ ಶಾರ್ಟ್‌ಕಟ್. ಆಟ ಹಾರ್ಡ್‌ಡಿಸ್ಕಿನ್ಯಾಗಿತ್ತು, ಅಳಿಸಿ ಹೋತು," ಎಂದ ಗೆಳೆಯ ರಾಯಣ್ಣ. ಹೊಸ ಆಟ ಆಡಬೇಕೆಂದರೆ ವಿಂಡೋಸ್ ತೊಂಬತ್ತೆಂಟು ತೆಗೆದು ಎಕ್ಸ್‌ಪಿ ಹಾಕಲೇಬೇಕೆಂದು ತಿಂಗಳಿಂದ ಬೆನ್ನುಬಿದ್ದು, ಇವತ್ತು ಸಾಜೀದನ ಹಾರ್ಡ್‌ಡಿಸ್ಕ್ ಅಳಿಸಿ ಅದನ್ನು ಹಾಕಿಕೊಟ್ಟವನು ಅವನೇ.

ಹಳೆಯ ಆಟದಲ್ಲಿ ಸಾಜೀದನ ಸಿಪಾಯಿ ಕೊನೆಯ ಹಂತದ ಬಾಗಿಲಲ್ಲಿ ನಿಂತಿದ್ದ. ಅವನನ್ನು ಅಲ್ಲಿಯವರೆಗೆ ತಂದದ್ದು, ಹೋದ ವರ್ಷ ನರಗುಂದದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರಕ್ಕೆ ಸಿಕ್ಕು ತುಂಡಾಗಿ ಹೋದ ಸಾಜೀದನ ಬಲಗೈ. ಆಮೇಲೆ ಸಾಜೀದ ಆಡಿರಲಿಲ್ಲ. ದಿನಾ ಸಂಜೆ ಆಟ ತೆರೆದು ಆ ಬಾಗಿಲನ್ನು ನೋಡುತ್ತ ಕೂರುತ್ತಿದ್ದ, ಅಷ್ಟೆ.

"ಸಿಡಿ ಐತಲ್ಲ, ಮತ್ತ ಹಾಕಿದೆ ನೋಡು. ಮೊದಲಿಂದ ಆಡಿದ್ರಾತು," ಎಂದು ರಾಯಣ್ಣ ಎದ್ದ. ಏಳುವಾಗ ರೂಢಿಯಂತೆ ಮೌಸನ್ನು ಕೀಬೋರ್ಡಿನ ಬಲಕ್ಕೆ ಇಟ್ಟ.