ಸುಣ್ಣ ಬಳಿಯದ ಗೋಡೆ

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಮಾತು ನಿಂತುಬಿಡುತ್ತದೆ.

ಕ್ರಿಸ್‌ಮಸ್ಸಿಗೆ ಮುಂಚಿನ ಒಂದು ಮಧ್ಯಾಹ್ನ. ನಾನಿನ್ನೂ ಸಣ್ಣವಳು. ಶಹಾಪುರದ ಹತ್ತಿರ ನಮ್ಮೂರಿನ ಸಣ್ಣ ಚರ್ಚಿಗೆ ನನ್ನ ಆಯಿ, ಅಂದರೆ ಅವ್ವನ ತಾಯಿ, ಸುಣ್ಣ ಬಳಿಯುತ್ತಿದ್ದಳು. ಬಲಗಡೆಯ ಗೋಡೆಯನ್ನು ಮಾತ್ರ ಹಾಗೇ ಬಿಟ್ಟಳು. ಅಲ್ಲಿ ಒರಗಿ ಕೂಡುತ್ತಿದ್ದ ಗಂಡಸರ ತಲೆಯೆಣ್ಣೆಯ ಕಲೆಗಳು ಸಾಲಾಗಿ ಉಳಿದಿದ್ದವು. ಅವರಲ್ಲಿ ಕೆಲವರು ತೀರಿಕೊಂಡಿದ್ದರು, ಮಿಕ್ಕವರು ಮುಂಬೈಗೆ ದುಡಿಯಲು ಹೋಗಿ ಅಲ್ಲೇ ನಿಂತಿದ್ದರು.

ಕೆಲಸ ಮುಗಿಸಿ ಆಯಿ ಹಾಡಲು ಕೂತಳು. ಹೆಂಗಸರು ಒಂದು ಸಾಲು ಹೇಳಿದರೆ ಗಂಡಸರು ಅದನ್ನೇ ತಿರುಗಿ ಹೇಳುವುದು ನಮ್ಮಲ್ಲಿ ರೂಢಿ. ಆಯಿ ತನ್ನ ಸಾಲು ಮುಗಿಸಿ, ಆ ಗೋಡೆಯನ್ನೇ ನೋಡುತ್ತ ಸುಮ್ಮನಾದಳು. ಗಂಡಸರ ಸಾಲನ್ನು ನಾನೇ ಹೇಳೋಣವೆಂದು ಬಾಯಿ ತೆರೆದೆ. ಸುಣ್ಣಕ್ಕೆ ಒರಟಾಗಿದ್ದ ಆಯಿಯ ಅಂಗೈ ನನ್ನ ಬಾಯಿಗೆ ಅಡ್ಡ ಬಂತು.

“ಸುಮ್ನ ಕೂಡವಾ. ಅವರು ಹಾಡಾಕತ್ತಾರ.”

ಉಸಿರು ಹಿಡಿದು ಕಿವಿಗೊಟ್ಟೆ. ನಾನು ಹುಟ್ಟುವ ಮೊದಲೇ ತೀರಿಕೊಂಡ ಆಯಿಯ ಗಂಡ, ನಮ್ಮ ಮುತ್ಯಾ, ನೆನಪಾದ.

“ಇದ್ರಾಗ ಮುತ್ಯಾಂದು ಯಾವ ದನಿ, ಆಯಿ?”

“ಎಲ್ಲಾರೂ ಮುಗಿಸಿದ ಮ್ಯಾಲೂ ಒಂದು ಎಳೀತಿರ್ತದಲ್ಲ, ಅದು.”

ಆಯಿ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮುಂದಿನ ಸಾಲು ಎತ್ತಿಕೊಂಡಳು.